ಜೋಗುಳಕ್ಕ ನಾ ಬರೆದ ಅರ್ಥ

…ಇಲ್ಲ ಅಕ್ಕ, ಹಂಗಲ್ಲ ಅದು. ನೀ ಮೊದಲು ಕುಂದ್ರು. ಚಾಪಿ ಮ್ಯಾಲೆ ಕುಂದ್ರು, ಬರೇ ನೆಲ ಕಾದು ಹಂಚಾಗೈತಿ. ಕರೆಂಟ್ ಹೋಗಿ ಒಂದು ತಾಸಾತು. ಕೆಳಗ ಅಪ್ಪನ ಅಂಗಡ್ಯಾಗೂ ಇಲ್ಲ, ಬೀಜದ ಚೀಲದ ಮ್ಯಾಲೆ ಕುಂತು ರಟ್ಟಿಲೆ ಗಾಳಿ ಹಾಕ್ಕೊಳ್ಳಾಕತ್ತಾರ. ಮಾಸ್ತರು ಎಷ್ಟಕ್ಕ ಬರ್ತಾರಂದಿ? ನಾಲ್ಕಕ್ಕ? ಹಂಗಾದ್ರ ಇನ್ನ ಅರ್ಧ ತಾಸು ಐತಿ. ಅಷ್ಟರಾಗ ಮುಗಸ್ತೀನಿ. ಎಲ್ಲಾ ಹೇಳಿ ಮುಗಸ್ತೀನಿ.

ಯಾಕ ನಗತಿ? … ನಗಲಿಲ್ಲಾ? ನನಗ ನಕ್ಕಂಗ ಕಾಣಿಸ್ತು. ಲಿಂಗಸೂಗೂರಿನ ಕಾರ್ಯಕ್ರಮದಿಂದ ಬಂದಾಗಿಂದ ಎಲ್ಲಾರೂ ನಕ್ಕಂಗನ ಕಾಣ್ತಾರ ನೋಡು ನನಗ. ಹಾಲು ಹಾಕಾಂವ ನಕ್ಕಂಗ. ಕಾಲೇಜಿನಾಗ ಅಟೆಂಡೆನ್ಸ್ ಕೂಗೋ ಮೇಡಂ ನಕ್ಕಂಗ. ನಿನ್ನೆ ತಲಿ ಬಾಚೋವಾಗ ಕನ್ನಡ್ಯಾಗ ನನ್ನ ಮಾರಿನ ನಕ್ಕಂಗಾತು.

ನೀರು ಕುಡೀತಿ? ಬ್ಯಾಡಾ… ಪೆನ್ನಾ? ಪೆನ್ನು ಯಾಕ ಅಕ್ಕ?

ಓ.

ನಾ ಅರ್ಥ ಬರದುಕೊಟ್ಟ ಹಾಳಿ… ಕನ್ನಡಿಗೆ ಹಚ್ಚಿದ್ದನ್ನ ಕಿತ್ತಿಯೇನು? ನಾಕೂ ಮೂಲ್ಯಾಗ ಟೇಪ್ ಹಂಗ ಐತಿ. ಎರಡು ತಿಂಗಳು ಆ ಕನ್ನಡಿ ಮ್ಯಾಲೆ ಇತ್ತಲ್ಲ ಇದು. ನೀವು ಗಂಡ-ಹೆಂಡ್ತಿ ಇದನ್ನ ನೋಡ್ಕೋತ ಕುಣೀತಿದ್ರಿ. 'ಅರ್ಥ ಗೊತ್ತಿಲ್ಲದ ಮಾತಿಗೆ ನಾ ಕೈ ಎತ್ತಂಗಿಲ್ಲ' ಅಂತಿದ್ರು ಮಾಸ್ತರು. ಒಂದೊಂದು ಸಾಲಿಗೆ ಒಂದೊಂದು ಕೈ, ಒಂದೊಂದು ಹೆಜ್ಜಿ. ಐದು ಸಾಲಿಗೆ ಆರು ನಿಮಿಷದ ಕುಣಿತ ಕಟ್ಟಿದ್ರು. ಪಾಪ… ಒಂದು ಬೆರಳು ಎತ್ತಬೇಕಾದ್ರೂ ಹಾಳಿ ನೋಡಿ, ನಿನ್ನ ಮಾರಿ ನೋಡಿ, ಆಮ್ಯಾಲೆ ಎತ್ತತಿದ್ರು.

ಅಂದ್ರ ಈಗ ಈ ಪೆನ್ನಿಲೆ, ಸುಳ್ಳಿದ್ದ ಸಾಲಿಗೆ ಗೀಟು ಹೊಡೀಬೇಕು ನಾ. ಖರೇ ಇದ್ದದ್ದು ಬಿಡಬೇಕು. ಉಳಿದದ್ದರ ಮ್ಯಾಲೆ ಬರೋ ಐತಾರ ಕುಣೀತೀರಿ. ಅಷ್ಟ ಅಲ್ಲ?

ಕುಣೀತಾರೇನಕ್ಕ ಮಾಸ್ತರು? ಕ್ಲಾಸಿನ ನಿಶಾತ್ ಹೇಳಿದ್ಲು, ಗೆಜ್ಜಿ ತಮ್ಮೂರು ಗೊರೇಬಾಳಕ್ಕ ಒಯ್ದು ಅವ್ವನ ಮನ್ಯಾಗ ಇಟ್ಟು ಬಂದಾರಂತ. ಇನ್ನ ಕುಣಿಯಂಗಿಲ್ಲ ಅಂದ್ರಂತ. ಹೌದಾ? ಅಣ್ಣನ ಸಂಗಾಟ ಭತ್ತದ ಗದ್ದಿಗೆ ಹೋಗ್ತೀನಿ ಅಂದ್ರಂತ. ಮಾಸ್ತರು! ಕೆಸರಿನಾಗ ಕಾಲಿಟ್ರೂ ತಾಳ ಎಣಸೋ ಮನಷ್ಯಾ…

ಹೂಂ. ಗೊತ್ತೈತಿ. ಇದು ನನ್ನ ಕೈಯಾಗ ಐತಿ. ತಪ್ಪು ಅವರದಲ್ಲ, ಅರ್ಥ ಬರದಾಕಿ ನಾನ ಅಂತ ಅವರ ಮುಂದ, ಎಲ್ಲಾ ಹುಡುಗೂರ ಮುಂದ ನಾ ಹೇಳಿದ್ರ ಅವರು ಐತಾರ ಟೌನ್‌ಹಾಲಿಗೆ ಬರ್ತಾರ. ಹೇಳಲಿಲ್ಲಂದ್ರ ಇಲ್ಲ. ಹೇಳಾಕಂತನ ಬಂದೀನಿ ಅಕ್ಕ. ಆದ್ರ ಮೊದಲು ನಿನ್ನ ಮುಂದ. ನಿನ್ನ ಮುಂದ ಹೇಳಿ ರೂಢಿ ಮಾಡ್ಕೋತೀನಿ.

ಹೆಂಗಾತಂದ್ರ… ಹಸನ್‌ಸಾಬ್ರು ಆ ಹಳೇ ಕಥಿ ಹೇಳಿದ್ರಲ್ಲ, ಇದ ಚಾಪಿ ಮ್ಯಾಲೆ, ತಬಲಾ ತೊಡಿ ಮ್ಯಾಲೆ ಇಟ್ಕೊಂಡು? ಮರಳುಗಾಡಿನ ಹುಡುಗ, ಹುಡುಗಿ. ಒಂದ ಮದರಸಾದಾಗ ಓದಿದವ್ರು. ಹುಡುಗಿಗೆ ಬ್ಯಾರೆ ಕಡೆ ಲಗ್ನ ಮಾಡ್ತಾರ, ಹುಡುಗ ಹುಚ್ಚಾಗಿ ಜಿಂಕಿ ಸಂಗಾಟ ಮರಳಿನಾಗ ತಿರಗತಾನ, ಕಡೀಕ ಇಬ್ರೂ ಸಾಯ್ತಾರ. 'ಇದಕ್ಕ ಸಿನಿಮಾ ಹಾಡು ಹಚ್ಚಿದ್ರ ನಾ ತಬಲಾ ಮುಟ್ಟಂಗಿಲ್ಲ' ಅಂದ್ರು. ಆಮ್ಯಾಲೆ ಎಂಟು ದಿನ ಫೋನಿನಾಗ ಹುಡುಕಿ ಹುಡುಕಿ ಮಾಸ್ತರು ಆ ಅಜರ್‌ಬೈಜಾನ್ ದೇಶದ ಸಂಗೀತ ತಂದ್ರು. ಎದಿಗೆ ಅವಚಿ ಹಿಡಿದು ಬಾರಸೋ ತಾರ್. ಮೊಣಕಾಲ ಮ್ಯಾಲೆ ನಿಲ್ಲಿಸಿ ಕಮಾನು ಎಳೆಯೋ ಕಮಾನ್ಚಾ. ಒಬ್ಬಾಕಿ ಹೆಣ್ಣುಮಗಳು ಹಲಗಿಯಂಥಾ ದಫ್ ಮಾರಿ ಹತ್ರ ಹಿಡಕೊಂಡು, ಕಣ್ಣು ಮುಚ್ಚಿ ಹಾಡಿದ್ಲು. ಹಸನ್‌ಸಾಬ್ರು ಅತ್ತಬಿಟ್ರು. ಒಂದು ಮಾತೂ ತಿಳೀಲಿಲ್ಲ ನಮಗ, ಆದ್ರ ಯಾರೂ ಏಳಲಿಲ್ಲ. ಚಾ ಆರಿ ಹೋತು.

ಬಾಕಿ ಎಲ್ಲಾ ಬರೇ ವಾದ್ಯ. ಮಾತಿದ್ದದ್ದು ಅದೊಂದು ಹಾಡಿಗೆ. ನಿನ್ನ ಹಾಡಿಗೆ. ನಮ್ಮ ಕುಣಿತದಾಗ ಹುಡುಗಿ ಲಗ್ನದ ಹಿಂದಿನ ದಿನ ಹುಡುಗನ್ನ ಕಡೀ ಸಲ ಕಂಡು ಮಾತಾಡೋ ಹಾಡು. ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಾಗ ಇತ್ತು, ನಡುವ ಒಂದು 'ಇ' ತಲಿಕೆಳಗ ನಿಂತಿತ್ತು. ಮಾಸ್ತರು ನೋಡಿದ್ರು, 'ಏ, ಇಂಗ್ಲಿಷ್ ಐತಲ್ಲ! ನಮ್ಮ ರಂಜನಿ ಇರೋವಾಗ ಚಿಂತಿ ಯಾಕ?' ಅಂದ್ರು. ನೀನೂ ಅಂದಿ, 'ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಮ್ಮ ಹುಡುಗಿ' ಅಂತ. ಎಲ್ಲಾರೂ ನನ್ನ ಕಡೆ ತಿರುಗಿದ್ರು.

ಆವಾಗನ ಹೇಳಬೇಕಿತ್ತು. ಅಕ್ಷರ ಅಷ್ಟ ಇಂಗ್ಲಿಷ್ ಮಾಸ್ತರ, ಭಾಷಾ ಬ್ಯಾರೆ, ನನಗ ಬರಂಗಿಲ್ಲ. ಎಷ್ಟು ಮಾತದು? ಬಾಯಿತನಕ ಬಂದಿತ್ತು. ಆದ್ರ ಅಕ್ಕ… ನಾ ಈ ಕ್ಲಾಸಿಗೆ ಬಂದು ಎರಡು ವರ್ಷ ಆತು. ಒಂದು ದಿನ ಕುಣೀಲಿಲ್ಲ. ಮಂದಿ ನೋಡಿದ್ರ ಹೆಜ್ಜಿನ ಮರೀತೀನಿ. ಮೂಲ್ಯಾಗ ಕುಂತು ಲ್ಯಾಪ್‌ಟಾಪ್ ಒತ್ತಾಕಿ. ನಾ ಇದ್ದದ್ದು ಯಾರಿಗಾದ್ರೂ ನೆನಪಾಗ್ತಿದ್ರ ಅದು ಹಾಡು ತಪ್ಪಿದಾಗ. ಅವತ್ತು ಮೊದಲ ಸಲ ಎಲ್ಲಾರೂ ನನ್ನಿಂದ ಆಗ್ತೈತಿ ಅಂದ್ರು. 'ನಾಳೆ ಬರದು ತರ್ತೀನಿ' ಅಂದೆ.

ಹೂಂ, ತಂದೆ. ಮರುದಿನನ ತಂದೆ. ನೀ ಅಂದಿ, 'ಹುಡುಗಿ ರಾತ್ರೆಲ್ಲಾ ಡಿಕ್ಷನರಿ ನೋಡ್ಯಾಳ' ಅಂತ.

ಮಸ್ಕ್ಯಾಗ ಮೊದಲ ಸಲ ಕುಣಿದಾಗ ಭಾಳ ಚಲೋ ಆತಲ್ಲ? ಅದನ್ನಾದ್ರೂ ಹೌದನ್ನು. ಶೇಂಗಾ ಮಾರಾಕಿ ಬುಟ್ಟಿ ಬಿಟ್ಟು ಮುಂದ ಬಂದು ನಿಂತಿದ್ಲು, ಸೆರಗಿಲೆ ಕಣ್ಣು ಒರಸ್ಕೋತ. ನೀ ಕಡೀ ಸಾಲಿಗೆ ಹುಡುಗನ್ನ ಅಣಕಿಸಿ ಒಂದು ಕಣ್ಣು ಮುಚ್ಚಿ, ನಕ್ಕು, ನಗ್ತಾ ನಗ್ತಾ ಅತ್ತಿ… ಏನು ಸಿಳ್ಳಿ! ಬರೋವಾಗ ಟೆಂಪೋದಾಗ ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅಂದಿ, 'ನಿನ್ನ ಸಾಲು ಬಾಯಿಪಾಠ ಆಗ್ಯಾವ ಬೇ, ರೊಟ್ಟಿ ಬಡಿಯೋವಾಗೂ ಅವ ಬರ್ತಾವು. ನಿಮ್ಮ ಮಾಸ್ತರು ಕೇಳಿ ಒಲಿ ಮುಂದ ಬಂದು ಕುಂದರತಾರ. ಮೊದಲಾದ್ರ ಉಂಡು ಮಲಗೋ ಮನಷ್ಯಾ!' ಅಂದಿ. ನಾ ಕಿಡಕಿ ಹೊರಗ ನೋಡಾಕತ್ತಿದ್ದೆ. ಕಾಲುವಿ ನೀರು ಬೆಳ್ಳಗ ಕಾಣ್ತಿತ್ತು. ನನಗ ನಿದ್ದಿ ಹತ್ತೈತಿ ಅಂತ ನೀ ತಿಳಕೊಂಡಿ.

ಲಿಂಗಸೂಗೂರಿನ ಸುದ್ದಿ ನಾ ಹೇಳಂಗಿಲ್ಲ. ನಿನಗ ಗೊತ್ತೈತಲ್ಲ, ನೀನ ಸ್ಟೇಜ್ ಮ್ಯಾಲೆ ಇದ್ದಿ.

… ಹೇಳಲೇಬೇಕಾ?

ಆ ಡಾಕ್ಟರ್. ಮುಖ್ಯ ಅತಿಥಿ ಅಂತ ಕರೆಸಿದ್ರಲ್ಲ ಸಂಘದವ್ರು, ಆಗಷ್ಟ ಓದು ಮುಗಿಸಿ ಬಂದಾಂವ. ಎಲ್ಲಿ ಓದಿದ್ದು ಅಂತ ಯಾರಾದ್ರೂ ಕೇಳಿದ್ವಾ? ಜಗತ್ತಿನಾಗ ಅಷ್ಟು ದೇಶ ಅದಾವ, ಅಂವ ಹೋಗಿ ಆ ಹಾಡಿನ ದೇಶದಾಗನ ಓದಬೇಕಾ? ಕುಣಿತ ಮುಗೀತು, ಮಂದಿ ಚಪ್ಪಾಳಿ ಹೊಡೆಯಾಕತ್ತಿತ್ತು, ಅಂವ ನಕ್ಕೋತ ಮೈಕ್ ಹಿಡದ. 'ಭಾಳ ಸಂತೋಷ. ಆದ್ರ ಇದು ಪ್ರೇಮದ ಹಾಡಲ್ರೀ, ಇದು ಜೋಗುಳ. ನಮ್ಮ ಹಾಸ್ಟೆಲ್ ಅಡಿಗಿ ಮಾಡಾಕಿ ತನ್ನ ಕೂಸು ಮಲಗಿಸೋವಾಗ ಇದನ್ನ ಹಾಡ್ತಿದ್ಲು' ಅಂದ. ಕೆಟ್ಟ ಮನಸಿಲೆ ಅನ್ನಲಿಲ್ಲ ಬಿಡು ಅಂವ, ಅಲ್ಲಿನ ನೆನಪಾಗಿ ಅಂದ. ಆದ್ರ ಹಿಂದಿನಿಂದ ಯಾವನೋ ಒಬ್ಬ…

ಬ್ಯಾಡ ಅಕ್ಕ. ಅದನ್ನ ನಾ ಅನ್ನಂಗಿಲ್ಲ.

… 'ಮಾಸ್ತರ, ತೊಟ್ಲಾ ತರ್ರೀ' ಅಂದ. ಇಡೀ ಮೈದಾನ ನಕ್ತು. ಮಂದಿಗೆ ಏನು ಗೊತ್ತು, ಲಗ್ನಾಗಿ ಐದು ವರ್ಷಾತು, ಎಷ್ಟು ದವಾಖಾನಿ ತಿರುಗಿರಿ ನೀವಿಬ್ರೂ ಅಂತ. ನಿನ್ನ ಕೈ ಹಂಗ ಗಾಳ್ಯಾಗ ನಿಂತುಬಿಟ್ಟಿತ್ತು. ಇಳಿಸಾಕ ಮರ್ತಿದ್ದಿ ನೀ.

ನಾ ಎಲ್ಲಿದ್ದೆ? ಪರದಾದ ಹಿಂದ. ಲ್ಯಾಪ್‌ಟಾಪ್ ಮುಂದ. ಹತ್ತು ಹೆಜ್ಜಿ ಅಕ್ಕ, ಎಣಿಸೀನಿ ನಾ ಆಮ್ಯಾಲೆ. ಹತ್ತು ಹೆಜ್ಜಿ ಹೊರಗ ಬಂದು 'ನಾ ಬರದೀನಿ' ಅನ್ನಬೇಕಿತ್ತು. ಪರದಾದ ಸಂದಿಯಾಗಿಂದ ನೋಡ್ಕೋತ ನಿಂತೆ. ಮಾಸ್ತರು ಮೈಕ್ ಇಸಗೊಂಡ್ರು, ಎಡಗಣ್ಣು ಮುಚ್ಚಿದ್ರು, ಆಮ್ಯಾಲೆ 'ಅರ್ಥ ಹುಡುಕಿದಾಂವ ನಾನ. ತಪ್ಪು ನಂದು. ಹುಡುಗೂರನ್ನ ಯಾರೂ ಏನೂ ಅನಬ್ಯಾಡ್ರಿ' ಅಂದ್ರು.

ಏನು? ಏನಂದೆ ನಾನು? … ಕೈ ಮುಗಿದ್ರು ಅಂದೆ. ಹೂಂ. ಕೈ ಮುಗಿದು ಹೇಳಿದ್ರು.

ಹಿಂಗ ಆತು ನೋಡು. ಫೋನಿಂದ ತಪ್ಪಾತು ಅಕ್ಕ. ಫೋನಿಗೆ ಹಾಡು ಕೇಳಿಸಿದ್ರ ಅದು ಇಂಗ್ಲಿಷ್ ಮಾಡಿ ಕೊಡತೈತಿ. ಅದು ಏನೇನೋ ಕೊಟ್ತು, ನಾ ಅದನ್ನ ಕನ್ನಡ ಮಾಡಿದೆ. ಅಷ್ಟ. ಮಷೀನಿನ ತಪ್ಪು. ಹಂಗ ಮಾಸ್ತರಿಗೆ ಹೇಳಿದ್ರ ಆಗ್ತೈತಲ್ಲ?

ಮತ್ತ ಪೆನ್ನು ಯಾಕ ಮುಂದ ಹಿಡೀತಿ?

ಆತು, ಮಷೀನು ಬಿಡು. ಅದಕ್ಕ ಯಾಕ ಅಂತೀನಿ ಪಾಪ. ಅದು ಖರೇನ ಹೇಳಿತ್ತು. ತುಂಡು ತುಂಡು ಹೇಳಿತ್ತು… ನಿದ್ದಿ ಅಂತ. ಹಾಲು ಅಂತ. 'ನನ್ನ ಕೂಸೇ' ಅಂತ. ಮೂರು ಸಲ ಕೇಳಿಸಿದೆ, ಮೂರು ಸಲಾನೂ ಕೂಸು ಬಂತು. ನನಗ ಗೊತ್ತಿತ್ತು ಅಕ್ಕ. ಮೊದಲ ದಿನನ ಗೊತ್ತಿತ್ತು, ಜೋಗುಳ ಅಂತ.

ನಿನ್ನ ಸಲುವಾಗಿನ ಹೇಳಲಿಲ್ಲ. ಖರೇ! ನಿನ್ನ ಮುಂದ ಜೋಗುಳ ಅಂತ ಹೆಂಗ ಹೇಳ್ಲಿ? ಅದರ ಹಿಂದಿನ ವಾರನ ನೀ ರಾಯಚೂರ ದವಾಖಾನಿಯಿಂದ ಬಂದು, ಗೆಜ್ಜಿ ಕಟ್ಟಿಕೊಳ್ಳದ ಕುಂತಿದ್ದಿ. ನಿನಗ ನೋವಾಗಬಾರದು ಅಂತ…

ಹಂಗ ನೋಡಬ್ಯಾಡ.

… ಅದೂ ಸುಳ್ಳು. ನಿನ್ನ ನೋವನ್ನ ಎತ್ತಿ ನನ್ನ ಮುಂದ ಹಿಡಕೊಂಡೆ. ಛೀ. ಅವತ್ತು ನಿನ್ನ ನೆನಪ ಇರಲಿಲ್ಲ ನನಗ. ಹಾಡು ಕೈ ಬಿಟ್ಟು ಹೋದ್ರ ನನ್ನ ಕೆಲಸನೂ ಹೋಗ್ತೈತಿ ಅನ್ನೋದೊಂದ ನೆನಪಿತ್ತು. ಅದಕ್ಕ ನಾನ ಬರದೆ. ನನ್ನ ತಲಿಯಿಂದ. ಕುಂತಲ್ಲೇ. ಅರ್ಧ ತಾಸೂ ಹಿಡೀಲಿಲ್ಲ. ಡಿಕ್ಷನರಿ ಬೀರುವಿನ ಮ್ಯಾಲಿಂದ ಇಳಿಸೇ ಇಲ್ಲ.

ಕೊಡು ಪೆನ್ನು. ಎಲ್ಲಾ ನಾ ಹುಟ್ಟಿಸಿದ್ದ. ಒಂದೊಂದ ಹೊಡೀತೀನಿ.

ಮೊದಲನೇದು. 'ಮರಳ ಮೇಲೆ ನಿನ್ನ ಹೆಜ್ಜೆ ಕಂಡರೆ ತುಳಿಯದೆ ಸುತ್ತಿ ಬರುತ್ತೇನೆ.' ಇದು ಕಥಿ ಕೇಳಿ ಬರದದ್ದು. ಮರಳುಗಾಡು ಅಂದ್ರಲ್ಲ ಹಸನ್‌ಸಾಬ್ರು, ಅದಕ್ಕ. … ನೆಲಾ? ಈ ನೆಲದ ಮ್ಯಾಲಿನ ಧೂಳಾ? ಅದಕ್ಕೂ ಇದಕ್ಕೂ ಏನು ಸಂಬಂಧ? ಮಳಿ ಬಂದ ದಿನ ಎಲ್ಲಾರ ಕಾಲಿನ ಗುರುತೂ ಮೂಡ್ತಾವ ಇಲ್ಲಿ. ನಾ ಕಸಾ ಹೊಡೆಯೋವಾಗ… ಹೊಡದೆ ನೋಡು. ಹೋತು.

ಎರಡನೇದು. 'ನೀನು ಕುಡಿದಿಟ್ಟ ಚೊಂಬು ಒಣಗುವವರೆಗೆ ಅಲ್ಲೇ ಕುಳಿತಿದ್ದೆ.' ಮರಳುಗಾಡಿನಾಗ ಚೊಂಬು ಎಲ್ಲಿಂದ ಬಂತು ಅಂತ ನೀನ ಅವತ್ತು ಕೇಳಿದ್ದಿ! ಎಲ್ಲಾರೂ ನಕ್ಕಿದ್ರು. 'ಅಲ್ಲೂ ನೀರಡಿಕಿ ಆಗ್ತೈತಲ್ಲ' ಅಂದಿದ್ರು ಮಾಸ್ತರು, ಅಂದು, ಆ ಕಿಡಕ್ಯಾಗಿನ ಚೊಂಬು ಎತ್ತಿ ಗಟಗಟ ಕುಡದಿದ್ರು. … ಅದ ಚೊಂಬಲ್ಲ. ಯಾವುದೋ ಒಂದು ಚೊಂಬು. ಹೊಡದೆ.

ಮೂರನೇದು… 'ನಾಲ್ಕು ಜನರ ಮುಂದೆ ನಿನ್ನನ್ನು ನೋಡದೆ ಇರುವುದನ್ನು ಕಲಿತೆ. ನನಗೆ ಬರುವ ವಿದ್ಯೆ ಅದೊಂದೇ.' ಇದು ಸುಮ್ಮ. ಕಾಲೇಜು ಹುಡುಗೂರು ಸ್ಟೇಟಸ್ ಹಾಕ್ತಾರಲ್ಲ, ಅಂಥಾದ್ದು. ಹೊಡದೆ.

ನಾಕನೇದನ್ನ ಓದಂಗಿಲ್ಲ, ಸೀದಾ ಹೊಡೀತೀನಿ.

ಬಿಡು… ಕೈ ಬಿಡು ಅಕ್ಕ. ಓದ್ತೀನಿ. 'ನಿನ್ನನ್ನು ಎಲ್ಲರೂ ಕರೆಯುವ ಹೆಸರಿನಿಂದ ನಾನು ಕರೆಯುವುದಿಲ್ಲ. ಕರೆದರೆ ನಾನೂ ಎಲ್ಲರಂತೆ ಆಗುತ್ತೇನೆ.' … ಆತಾ? ಓದಿದೆ. ಹೊಡದೆ.

ಯಾಕ, ಏನು ನೆನಪಾತು? ಅದಾ? ಅದಕ್ಕ ಅವತ್ತ ಹೇಳೀನಲ್ಲ! ಇಲ್ಲಿ ಸಣ್ಣ ಹುಡುಗೂರಿಂದ ಹಿಡದು ನಿಶಾತ್‌ತನಕ ಎಲ್ಲಾರೂ 'ದುರುಗೇಶಣ್ಣ, ದುರುಗೇಶಣ್ಣ' ಅಂತಾರ, ನೀ ಒಬ್ಬಾಕಿ ಯಾಕ 'ಮಾಸ್ತರು' ಅಂತಿ ಅಂತ ನೀ ಚಾಷ್ಟಿ ಮಾಡಿದ್ದಿ. 'ನಮ್ಮ ಶಾಲ್ಯಾಗ ಸರ್ ಅಂತ ಕಲಿಸ್ಯಾರ ಅಕ್ಕ, ಕನ್ನಡದಾಗ ಸರ್ ಅಂದ್ರ ಮಾಸ್ತರು' ಅಂದೆ. ನೀ ನಂಬಿದಿ. ನೀ ಎಲ್ಲಾ ನಂಬ್ತಿ. ಅದ ನಿಂದು ತಪ್ಪು… ಅಲ್ಲ. ತಪ್ಪು ನಿಂದಲ್ಲ.

ಐದನೇದು.

ಇದನ್ನ ಬಿಡು. ಇದು ಖರೇ ಐತಿ. ಇದೊಂದು ಹಾಡಿನಾಗನ ಐತಿ, ಫೋನೂ ಇದನ್ನ ಹೇಳಿತ್ತು. ಹೆಂಗಂದ್ರ… ಕೂಸಿಗೆ ನಿದ್ದಿ ಬರೋವಾಗ ಒಂದು ಕಣ್ಣು ಮೊದಲು ಮುಚ್ತೈತಿ ನೋಡು, ಆಮ್ಯಾಲೆ ಇನ್ನೊಂದು. ಅದನ್ನ ನೋಡ್ಕೋತ ತಾಯಿ ಹಾಡ್ತಾಳ. ಜೋಗುಳದಾಗ ಬರೋದಲ್ಲ ಅದು? ಆ ಡಾಕ್ಟರಿಗೆ ಬೇಕಾದ್ರ ಕೇಳು. ಐತಾರ ಇದೊಂದ ಸಾಲಿನ ಮ್ಯಾಲೆ ಕುಣೀರಿ. ಚಂದ ಆಗ್ತೈತಿ.

ಏನಂತಿ?

'ತಪ್ಪಿದಾಗ ಎಡಗಣ್ಣು ಮುಚ್ಚುತ್ತೀಯಲ್ಲ, ಆ ಒಂದು ಕ್ಷಣಕ್ಕಾಗಿ ದಿನವೆಲ್ಲ ಕಾಯುತ್ತೇನೆ.' ಹೂಂ. ಇದ. ಹಿಂಗ ಬರದೀನಿ. 'ತಪ್ಪಿದಾಗ' ಅಂತ ಯಾಕ ಬರದೆ… ಕೂಸು ಏನು ತಪ್ಪು ಮಾಡ್ತೈತಿ…

ನೀ ಕೇಳಲಿಲ್ಲ. ನಾನ ಕೇಳ್ಕೊಂಡೆ.

ಕೇಳು ಅಕ್ಕ. ಯಾರ ಕಣ್ಣು ಅಂತ ಕೇಳು. ನಾ ಉತ್ತರ ತಯಾರ್ ಮಾಡಿಕೊಂಡ ಬಂದೀನಿ. ನಮ್ಮ ಕಾಲೇಜಿನ ವೀರೇಂದ್ರ ಅಂತ ಹೇಳಾಕಿದ್ದೆ, ಸಾಲಗುಂದದಾಂವ. ಅವನ ಕಣ್ಣು ನಾ ಒಂದ ಸಲಾನೂ ನೋಡಿಲ್ಲ, ಕ್ಲಾಸಿನಾಗೂ ಕಪ್ಪ ಚಸ್ಮಾ ಹಾಕ್ಕೊಂಡಿರ್ತಾನ. ಆದ್ರೂ ಅಂವ ಅಂತ ಹೇಳ್ತಿದ್ದೆ. ಮೆಟ್ಟಲ ಹತ್ತೋವಾಗ ಮೂರು ಸಲ ಅಂದು ನೋಡೀನಿ, ನಡಗದಂಗ ಬಂತು. ಕೇಳು ಮತ್ತ! ಒಂದ ಸಲ…

ಕೇಳವಲ್ಲಿ.

ಮಾಸ್ತರಿಗೆ ತಾವು ಹಂಗ ಮಾಡೋದು ಗೊತ್ತಿಲ್ಲಕ್ಕ. ತಾಳ ತಪ್ಪಿದಾಗ… ಗೊತ್ತೇ ಇಲ್ಲ ಅವರಿಗೆ. ತಾವ ಕುಂತು ನಿನಗ ಹೇಳಿಕೊಟ್ರು, ಈ ಸಾಲಿಗೆ ಹಿಂಗ ಮುಚ್ಚು, ಹಿಂಗ ನಗು ಅಂತ. ಆ ಹುಡುಗ ಯಾರೋ ಮರಳುಗಾಡಿನಾಂವ ಅಂತನ ತಿಳಕೊಂಡಿದ್ರು. ನಾನೂ ಹಂಗ ತಿಳಕೊಂಡಿದ್ದೆ. ಖರೇ, ತಿಳಕೊಂಡಿದ್ದೆ. ನಾ ಏನೂ ಬೇಡಲಿಲ್ಲಕ್ಕ. ಒಂದು ದಿನ ಎದುರು ನಿಂತು ಒಂದು ಮಾತಾಡಿಲ್ಲ. ನೀ ಆಡ್ತಿದ್ದಿ. ದಿನಾ ಸಂಜಿ ಆರಕ್ಕ, ನನ್ನ ಮಾತು ನೀ ಅವರಿಗೆ ಆಡ್ತಿದ್ದಿ, ನಾ ಮೂಲ್ಯಾಗ ಕುಂತು…

ಒಲಿ ಮುಂದೂ ಆಡಿದಿ.

ಮುಟ್ಟಬ್ಯಾಡ ನನ್ನ. ಬೈಯಿ ಬೇಕಾದ್ರ.

ಲಿಂಗಸೂಗೂರಿನಾಗ, ಅವರು ಮೈಕ್ ಹಿಡದು ಕಣ್ಣು ಮುಚ್ಚಿದಾಗ, ನೀ ಅವರ ಮಾರಿ ನೋಡಿದಿ. ಆಮ್ಯಾಲೆ ಪರದಾ ಕಡೆ ನೋಡಿದಿ. ಆ ಸಂದಿಯಾಗ ನಾ ನಿಂತಿದ್ದೆ. ಅವತ್ತಿಂದ ಗೊತ್ತೈತಿ ನಿನಗ, ಹೌದಲ್ಲ? ಗೊತ್ತಿದ್ದೂ ಈ ಹಾಳಿ ತಂದಿ. ಗೊತ್ತಿದ್ದೂ ಪೆನ್ನು ಕೊಟ್ಟಿ. ನಾನ ಹೊಡೀಲಿ ಅಂತ.

… ಫ್ಯಾನ್ ತಿರಗಾಕತ್ತು. ಕರೆಂಟ್ ಬಂತು.

ಕೆಳಗ ಗಾಡಿ ನಿಂತಂಗಾತು. ಅಪ್ಪ ಮಾತಾಡ್ಸಾಕತ್ತಾರ. ಮಾಸ್ತರ ದನಿನ. ಹೂಂ. ಮೆಟ್ಟಲ ಸಪ್ಪಳ.

ಹೊಡದೆ ಅಕ್ಕ. ನೋಡು, ಐದನೇದೂ ಹೊಡದೆ. ಹಾಳಿ ಹರದೈತಿ ಒತ್ತಿದ್ದಕ್ಕ. ಹಾಳಿ ನಿನ್ನ ಕಡೇನ ಇರ್ಲಿ. ಅರ್ಥ ಹುಟ್ಟಿಸಿ ಬರದಾಕಿ ನಾನ ಅಂತ ಹೇಳ್ತೀನಿ, ಜೋಗುಳ ಅಂತ ಗೊತ್ತಿದ್ದೂ ಮುಚ್ಚಿಟ್ಟೆ ಅಂತನೂ ಹೇಳ್ತೀನಿ. ಅಷ್ಟ ಹೇಳ್ತೀನಿ. ಅಷ್ಟ ಸಾಕಲ್ಲ? … ಒಂದು ಮಾತಾಡು. ಹೂಂ ಅನ್ನು. ತಲಿಯಾದ್ರೂ ಅಲ್ಲಾಡ್ಸು.

ಆತು. ನೋಡಬ್ಯಾಡ ನನ್ನ ಕಡೆ. ಸೆರಗಿಲೆ ಮಾರಿ ಒರಸ್ಕೊ, ಬಂದ್ರು.

ಬರ್ರಿ… ಒಳಗ ಬರ್ರಿ. ಅಕ್ಕನೂ ಇಲ್ಲೇ ಅದಾಳ. ನಿಮ್ಮ ಮುಂದ ಒಂದು ಮಾತು ಹೇಳೂದಿತ್ತು… ದುರುಗೇಶಣ್ಣ.